ಗೋಡೆಗೆ ಸ್ನಾನ ಮಾಡಿಸುವ ಶವರ್: ಬೋರ್‌ವೆಲ್ ನೀರಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಶವರ್ ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಅಂಚಿನ ಎರಡು ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಒಂದು ಎಳೆ ನೀರು ಓರೆಯಾಗಿ ಹಾರಿ, ಕಿಟಕಿಯಲ್ಲಿಟ್ಟ ಶಾಂಪೂ ಬಾಟಲಿಗೆ ಬೀಳತೊಡಗುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಕೆಳಗೆ ನಿಂತವರ ತಲೆ ಅರ್ಧ ಒಣಗಿಯೇ ಇರುತ್ತದೆ, ಗೋಡೆಗೆ ಮಾತ್ರ ಅಭ್ಯಂಜನವಾಗಿರುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು: ಯಾರಾದರೂ ಸೇಫ್ಟಿ ಪಿನ್ ಹಿಡಿದು ಸ್ಟೂಲ್ ಹತ್ತುತ್ತಾರೆ, ಇಲ್ಲವೇ ಅಂಗಡಿಗೆ ಹೋಗಿ ಹೊಸ ಶವರ್ ತರುತ್ತಾರೆ. ಮೊದಲನೆಯದು ಶವರನ್ನು ಇನ್ನಷ್ಟು ಕೆಡಿಸುತ್ತದೆ. ಎರಡನೆಯದರಿಂದ ಆರು ತಿಂಗಳ ಮಟ್ಟಿಗೆ ನೆಮ್ಮದಿ ಸಿಗುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಬೆಂಗಳೂರಿನ ಹೊರವಲಯ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬಯಲುಸೀಮೆಯಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನಂಬಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾವೇರಿ ನೀರು ಬರುವ ಮನೆಯವರಿಗೂ ವಿಧಾನ ಇದೇ, ಕೆಲಸ ಮಾತ್ರ ಕಡಿಮೆ.

ಅದು ಉಪ್ಪಲ್ಲ, ಸುಣ್ಣ

ಪ್ಲಂಬರನ್ನು ಕರೆಸಿದರೆ ‘ಉಪ್ಪು ಕಟ್ಟಿದೆ ಸಾರ್’ ಎನ್ನುತ್ತಾರೆ. ನಾವೂ ‘ಉಪ್ಪು ನೀರು’ ಎಂದೇ ಹೇಳುತ್ತೇವೆ. ಆದರೆ ಒಂದು ಕ್ಷಣ ಯೋಚಿಸಿ. ಅದು ಉಪ್ಪೇ ಆಗಿದ್ದರೆ ನೀರಿನಲ್ಲಿ ಕರಗಿ ಹೋಗಬೇಕಿತ್ತು. ದಿನವೂ ನೀರು ಹರಿಯುವ ಜಾಗದಲ್ಲೇ ಅದು ಕಲ್ಲಿನಂತೆ ಕೂತಿದೆ ಎಂದರೆ ಅದರ ಗುಣವೇ ಬೇರೆ. ಆ ಬಿಳಿಯ ಗಟ್ಟಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಜೊತೆಗೆ ಸ್ವಲ್ಪ ಮೆಗ್ನೀಸಿಯಂ ಲವಣ, ಸೋಪಿನ ಜಿಡ್ಡು. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಗಟ್ಟಿಯಾದಾಗ ಆಗುವ ವಸ್ತುವೂ ಇದೇ. ಮೊಟ್ಟೆಯ ಚಿಪ್ಪು, ಕಡಲ ತೀರದ ಕಪ್ಪೆಚಿಪ್ಪು ಇವುಗಳ ಮೈಯೂ ಇದೇ.

ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಬಂಡೆಗಳಲ್ಲಿನ ಸುಣ್ಣದ ಅಂಶವನ್ನು ಕರಗಿಸಿಕೊಂಡು ಬೋರ್‌ವೆಲ್‌ಗೆ ಬರುತ್ತದೆ. ಗೀಸರಿನಲ್ಲಿ ನೀರು ಕಾದಾಗ ಅನಿಲ ಹಾರಿಹೋಗುತ್ತದೆ, ಸುಣ್ಣ ಬೇರ್ಪಟ್ಟು ಸಿಕ್ಕ ಜಾಗಕ್ಕೆ ಅಂಟುತ್ತದೆ. ಶವರಿನ ರಂಧ್ರದ ತುದಿಯಲ್ಲಿ ನಿಂತ ಹನಿ ಒಣಗಿದಾಗಲೂ ಅಷ್ಟೇ: ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ. ದಿನಕ್ಕೊಂದು ತೆಳು ಪದರ.

ಎಷ್ಟು ಸುಣ್ಣ ಎಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ನೀರಿನಲ್ಲಿ ಕರಗಿರುವ ಈ ಸುಣ್ಣದ ಅಂಶದ ಅಳತೆಗೆ ಗಡಸುತನ ಎನ್ನುತ್ತಾರೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರು ಎಂದಿಟ್ಟುಕೊಳ್ಳಿ. ನಾಲ್ಕು ಜನರ ಮನೆ, ತಲೆಗೆ 40 ಲೀಟರ್ ಸ್ನಾನದ ನೀರು. ತಿಂಗಳಿಗೆ 4,800 ಲೀಟರ್ ಆಯಿತು. ಅದರೊಳಗೆ ಕರಗಿ ಹರಿದುಹೋಗುವ ಸುಣ್ಣದ ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಅದರಲ್ಲಿ ನೂರರಲ್ಲೊಂದು ಪಾಲು ಶವರಿನಲ್ಲಿ ಉಳಿದರೂ ರಂಧ್ರಗಳು ಮುಚ್ಚಲು ಧಾರಾಳವಾಗಿ ಸಾಕು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರು ಸಿಗದ ಕಡೆ 600ರವರೆಗೆ ಸಡಿಲಿಕೆ ಇದೆ. ಆನ್‌ಲೈನಿನಲ್ಲಿ ಕೊಂಡ ಟಿಡಿಎಸ್ ಮೀಟರ್ ತೋರಿಸುವ ಸಂಖ್ಯೆ ಗಡಸುತನವಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು. ಮೀಟರಿಲ್ಲದೆಯೂ ಮನೆಯಲ್ಲಿ ಗುರುತು ಸಿಗುತ್ತದೆ: ಸೋಪು ನೊರೆ ಕೊಡುವುದಿಲ್ಲ, ತೊಗರಿ ಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದೇ ಕಾರಣಕ್ಕೆ. ಉಪ್ಪೆಂದುಕೊಂಡವರು ಉಜ್ಜುತ್ತಾರೆ, ಸುಣ್ಣವೆಂದು ತಿಳಿದವರು ಹುಳಿಯಲ್ಲಿ ನೆನೆಸುತ್ತಾರೆ. ಪರೀಕ್ಷೆ ಬೇಕಿದ್ದರೆ ಆ ಬಿಳಿ ಪದರದ ಮೇಲೆ ಎರಡು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆಗಳೆದ್ದರೆ ಸುಣ್ಣವೆಂದೇ ಅರ್ಥ.

ಶವರಿನದೇ ತಪ್ಪೇ ಎಂದು ಮೊದಲು ನೋಡಿ

ಹರಿವು ಕಡಿಮೆಯಾಗಿದೆ ಎಂದ ಕೂಡಲೇ ಶವರಿನ ಮೇಲೆ ಆರೋಪ ಹೊರಿಸಬೇಡಿ. ಶವರ್ ಬಿಚ್ಚಿ, ಬರೀ ಪೈಪಿನಿಂದ ನೀರು ಬಿಟ್ಟು ನೋಡಿ. ಪೈಪಿನಿಂದ ಧಾರೆ ಜೋರಾಗಿ ಬಂದರೆ ತಪ್ಪು ಶವರಿನದು, ಮುಂದೆ ಓದಿ. ಅಲ್ಲೂ ಸಣ್ಣಗೆ ಬಂದರೆ ಶವರನ್ನು ಎಷ್ಟು ತೊಳೆದರೂ ಫಲವಿಲ್ಲ.

ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸಣ್ಣಗಾಗಿದ್ದರೆ ಗೀಸರ್ ಅಥವಾ ಅದರ ಸಂಪರ್ಕದ ಪೈಪಿನಲ್ಲಿ ಸುಣ್ಣ ತುಂಬಿದೆ. ಎರಡೂ ಸಣ್ಣಗಿದ್ದರೆ ಯಾರೋ ಆಂಗಲ್ ಕಾಕನ್ನು, ಅಂದರೆ ಗೋಡೆಯಿಂದ ಬರುವ ನೀರನ್ನು ತಡೆಯುವ ಪುಟ್ಟ ವಾಲ್ವನ್ನು, ಅರ್ಧ ತಿರುಗಿಸಿ ಬಿಟ್ಟಿದ್ದಾರೆಯೇ ನೋಡಿ. ಟೈಲ್ಸ್ ಕೆಲಸದವರು, ಗೀಸರ್ ರಿಪೇರಿಯವರು ಬಂದುಹೋದ ಮೇಲೆ ಇದು ಬಹಳ ಸಾಮಾನ್ಯ. ಎಲ್ಲವೂ ಸರಿಯಿದ್ದರೆ ಎತ್ತರದ ಪ್ರಶ್ನೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಕೊನೆಯ ಮಹಡಿಯ ಮನೆಯಲ್ಲಿ ಟ್ಯಾಂಕಿನ ತಳ ಶವರಿಗಿಂತ ಮೂರು ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.3 ಬಾರ್. ಅಷ್ಟು ಒತ್ತಡಕ್ಕೆ ಎಂಟು ಇಂಚಿನ ಮಳೆ ಶವರ್ ಹಾಕಿಸಿಕೊಂಡವರು ಮಳೆಯಿರಲಿ, ತುಂತುರನ್ನೂ ಕಾಣುವುದಿಲ್ಲ. ಹೊಸ ಮನೆ ಕಟ್ಟುವವರು ಶೋರೂಮಿಗೆ ಹೋಗುವ ಮುನ್ನ ಈ ಲೆಕ್ಕ ಹಾಕಿಕೊಂಡರೆ ಒಳ್ಳೆಯದು, ಅಲ್ಲಿನ ಶವರುಗಳೆಲ್ಲ ಪಂಪಿನ ಒತ್ತಡದಲ್ಲಿ ಸುರಿಯುತ್ತಿರುತ್ತವೆ.

ಅಳತೆ ಬೇಕೆನ್ನುವವರಿಗೆ ಬಕೆಟ್ ಸಾಕು. ಶವರಿನ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು, ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ. ಆ ಸಂಖ್ಯೆಯನ್ನು ಬಚ್ಚಲು ಮನೆಯ ಬಾಗಿಲ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ತೊಳೆದ ಮೇಲೆ ಇನ್ನೊಮ್ಮೆ ಅಳೆಯಿರಿ. ಮುಂದಿನ ಬಾರಿ ಯಾವಾಗ ತೊಳೆಯಬೇಕೆಂದು ಕ್ಯಾಲೆಂಡರಿಗಿಂತ ಈ ಸಂಖ್ಯೆಯೇ ಚೆನ್ನಾಗಿ ಹೇಳುತ್ತದೆ.

ಯಾವ ಹುಳಿ?

ನನ್ನ ಆಯ್ಕೆ ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಕ್ಕರೆಯಂಥ ಬಿಳಿ ಹರಳು ಕೊಡುತ್ತಾರೆ. ಅಗ್ಗ, ವಾಸನೆಯಿಲ್ಲ, ಎಷ್ಟು ಗಾಢ ಬೇಕೋ ಅಷ್ಟು ಬೆರೆಸಿಕೊಳ್ಳಬಹುದು. ಒಂದು ಲೀಟರ್ ಬೆಚ್ಚಗಿನ ನೀರಿಗೆ 40ರಿಂದ 50 ಗ್ರಾಂ, ಅಂದರೆ ಸುಮಾರು ಮೂರು ದೊಡ್ಡ ಚಮಚ. ಕೈ ಅದ್ದಿದರೆ ತಾಳುವಷ್ಟು ಬಿಸಿ ಇದ್ದರೆ ಸಾಕು. ಕುದಿಯುವ ನೀರು ಹಾಕಿದರೆ ಬೇಗ ಆಗುತ್ತದೆ ಎಂದುಕೊಳ್ಳಬೇಡಿ: ತುಂಬಾ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬಿಳಿ ಪುಡಿ ಬೇರ್ಪಟ್ಟು ಮತ್ತೆ ರಂಧ್ರದಲ್ಲೇ ಕೂರುತ್ತದೆ. ಪ್ಲಾಸ್ಟಿಕ್ ಶವರಾದರೆ ಸೊಟ್ಟಗಾಗುವ ಭಯ ಬೇರೆ.

ಬಿಳಿ ವಿನೆಗರ್ ಕೂಡ ಒಳ್ಳೆಯದೇ, ಬಚ್ಚಲೆಲ್ಲ ಉಪ್ಪಿನಕಾಯಿ ಭರಣಿಯಂತೆ ನಾರುತ್ತದೆ ಅಷ್ಟೆ. ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ. ಕಾಲು ಲೀಟರ್ ವಿನೆಗರ್ ಹೆಚ್ಚೆಂದರೆ 8ರಿಂದ 10 ಗ್ರಾಂ ಸುಣ್ಣವನ್ನು ಕರಗಿಸಬಲ್ಲದು, ಆಮೇಲೆ ಅದರ ಕಸುವು ಮುಗಿಯಿತು. ಆದ್ದರಿಂದ ದಪ್ಪ ಪದರವಿದ್ದರೆ ಅದೇ ದ್ರವದಲ್ಲಿ ರಾತ್ರಿಯಿಡೀ ಬಿಡುವುದಕ್ಕಿಂತ ಒಂದು ಗಂಟೆಯ ನಂತರ ಚೆಲ್ಲಿ ಹೊಸದು ಹಾಕುವುದು ಜಾಣತನ.

ನಿಂಬೆಹಣ್ಣು? ಆಗುತ್ತದೆ. ರಸವನ್ನು ಸೋಸಲೇಬೇಕು, ತಿರುಳು ರಂಧ್ರಕ್ಕೆ ಸಿಕ್ಕಿಕೊಂಡರೆ ಮಾಡಿದ ಕೆಲಸ ವ್ಯರ್ಥ. ಎಂಟು ಹತ್ತು ಹಣ್ಣು ಹಿಂಡುವ ಬದಲು ಐವತ್ತು ಗ್ರಾಂ ನಿಂಬೆ ಉಪ್ಪು ತರುವುದು ಸುಲಭ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಉಜ್ಜಿ ಬೆಳೆದವರು ಇಲ್ಲೂ ಅದನ್ನೇ ನೆನೆಯುತ್ತಾರೆ. ನಲ್ಲಿಯ ಹೊರಮೈಗೆ ಹುಣಸೆ ಸರಿ, ಶವರಿನೊಳಗೆ ಅದರ ನಾರು ಹೋಗಬಾರದು.

ಅಡುಗೆ ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿಯುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಬುರುಬುರು ನೊರೆ ಬರುವುದು ನೋಡಲು ಚೆನ್ನ. ಆದರೆ ಆ ನೊರೆ ಅವೆರಡೂ ಒಂದನ್ನೊಂದು ಮುಗಿಸುತ್ತಿರುವ ಗುರುತು. ಸುಣ್ಣದ ಮೇಲೆ ಕೆಲಸ ಮಾಡಬೇಕಿದ್ದ ಹುಳಿ ಸೋಡಾದ ಪಾಲಾಗುತ್ತದೆ. ಸೋಡಾ ಬೇಕೇ ಬೇಕೆಂದರೆ ಕೊನೆಯಲ್ಲಿ, ಹೊರಮೈಯ ಸೋಪಿನ ಜಿಡ್ಡು ಒರೆಸಲು ಬೇರೆಯಾಗಿ ಬಳಸಿ.

ಇನ್ನು ಟಾಯ್ಲೆಟ್ ಕ್ಲೀನರ್. ಈ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬ. ಬಾಡಿಗೆ ಮನೆಯೊಂದರಲ್ಲಿ ಶವರಿಗೆ ಆ ನೀಲಿ ದ್ರವವನ್ನು ಸವರಿ, ಫೋನ್ ಬಂತೆಂದು ಹೊರಗೆ ಹೋದೆ. ಇಪ್ಪತ್ತು ನಿಮಿಷದ ನಂತರ ಬಂದರೆ ಸುಣ್ಣವೇನೋ ಹೋಗಿತ್ತು, ಜೊತೆಗೆ ಕ್ರೋಮ್ ಹೊಳಪೂ ಹೋಗಿ ಕಪ್ಪು ಮಚ್ಚೆಗಳೆದ್ದಿದ್ದವು. ಮನೆ ಬಿಡುವಾಗ ಹೊಸ ಶವರ್ ಹಾಕಿಸಿ ಕೊಡಬೇಕಾಯಿತು. ಅಂಥ ಕ್ಲೀನರುಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಅದು ಸುಣ್ಣದೊಂದಿಗೆ ಲೇಪವನ್ನೂ ತಿನ್ನುತ್ತದೆ, ಸ್ಟೀಲಿಗೂ ಒಳ್ಳೆಯದಲ್ಲ.

ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಒಂದಿದೆ. ಯಾವ ಹುಳಿಯನ್ನೂ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವದ ಜೊತೆ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡುವಷ್ಟು ಅಪಾಯಕಾರಿ. ಬೆಳಗ್ಗೆ ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದರೆ ಶವರಿನ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಿ.

ನೆಲದ ಕಲ್ಲನ್ನೂ ಮರೆಯಬೇಡಿ. ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ; ಅಮೃತಶಿಲೆಯೂ ಅದೇ ಜಾತಿ. ಶವರಿನ ಸುಣ್ಣವನ್ನು ತಿನ್ನುವ ಹುಳಿ ಈ ಕಲ್ಲನ್ನೂ ತಿಂದು ಹೊಳಪು ಕಳೆಯುತ್ತದೆ. ನೆನೆಸುವ ಕೆಲಸವನ್ನು ಬಕೆಟ್ಟಿನಲ್ಲಿ ಮಾಡಿ, ಹನಿ ಬಿದ್ದರೆ ಆಗಲೇ ನೀರು ಸುರಿಯಿರಿ. ಗ್ರಾನೈಟ್, ಟೈಲ್ಸ್ ಇದ್ದವರಿಗೆ ಈ ಚಿಂತೆಯಿಲ್ಲ.

ಬಿಚ್ಚುವುದು

ಗೀಸರಿನ ಸ್ವಿಚ್ ಆರಿಸಿ. ಶವರಿನ ನಲ್ಲಿ ಮುಚ್ಚಿದ್ದರೆ ಸಾಕು, ಟ್ಯಾಂಕಿನ ವಾಲ್ವ್ ತನಕ ಹೋಗಬೇಕಿಲ್ಲ. ಸ್ಟೂಲ್ ಹತ್ತುವ ಮೊದಲು ನೆಲ ಒಣಗಿದೆಯೇ ನೋಡಿ, ಬಚ್ಚಲಿನ ನೀರು ಹೋಗುವ ಜಾಲರಿಯ ಮೇಲೆ ಒಂದು ಬಟ್ಟೆ ಹಾಸಿ. ಬಟ್ಟೆ ಏಕೆಂದರೆ, ಬಿಚ್ಚಿದ ಕೂಡಲೇ ಒಳಗಿನ ರಬ್ಬರ್ ವಾಷರ್ ಜಾರಿ ಬೀಳುತ್ತದೆ, ಬಿದ್ದರೆ ನೇರ ಅದೇ ತೂತಿಗೆ ಹೋಗುತ್ತದೆ.

ಒಂದು ಕೈಯಲ್ಲಿ ಗೋಡೆಯಿಂದ ಬಂದ ಪೈಪನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಇದು ಬಹಳ ಮುಖ್ಯ. ಶವರ್ ತಿರುಗಿಸುವಾಗ ಪೈಪೂ ಜೊತೆಗೆ ತಿರುಗಿದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತದೆ, ಸೋರಿಕೆ ಪಕ್ಕದ ಕೋಣೆಯ ಗೋಡೆಯಲ್ಲಿ ಕಾಣಿಸಿಕೊಳ್ಳುವವರೆಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಕೈಯಿಂದ ಶವರಿನ ಕತ್ತಿನ ನಟ್ಟನ್ನು, ಕೆಳಗಿನಿಂದ ಮೇಲಕ್ಕೆ ನೋಡುತ್ತ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಕೈಗೆ ಬಗ್ಗದಿದ್ದರೆ ದಪ್ಪ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ, ಬರಿ ಲೋಹದ ಮೇಲೆ ಸ್ಪ್ಯಾನರ್ ಇಟ್ಟರೆ ಹಲ್ಲಿನ ಗುರುತು ಉಳಿಯುತ್ತದೆ. ಶವರಿನ ತಟ್ಟೆಯನ್ನು ಹಿಡಿದು ತಿರುಗಿಸಬೇಡಿ, ಶಕ್ತಿ ಕತ್ತಿಗೆ ಬೀಳಬೇಕು.

ಆದರೂ ಅಲುಗದಿದ್ದರೆ ಜಗಳವಾಡಬೇಡಿ. ತಿರುಪಿನ ಎಳೆಗಳ ನಡುವೆಯೂ ಸುಣ್ಣವೇ ಕೂತಿರುತ್ತದೆ. ಹುಳಿಯಲ್ಲಿ ಅದ್ದಿದ ಬಟ್ಟೆಯನ್ನು ಆ ಜೋಡಣೆಗೆ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ ಒಂದು ಗಂಟೆ ಬಿಡಿ. ನಡುನಡುವೆ ಬಟ್ಟೆಗೆ ಇನ್ನಷ್ಟು ಹುಳಿ ಹನಿಸಿ. ಆಮೇಲೆ ಬಹುತೇಕ ಸಲ ಬಗ್ಗುತ್ತದೆ. ಹತ್ತಿಪ್ಪತ್ತು ವರ್ಷದ ಹಳೆಯ ಜಿಐ (ಸತು ಲೇಪದ ಕಬ್ಬಿಣದ) ಪೈಪಾಗಿದ್ದು ತುಕ್ಕು ಕಾಣುತ್ತಿದ್ದರೆ ಮಾತ್ರ ಅಲ್ಲಿಗೇ ಕೈಬಿಟ್ಟು, ಬಿಚ್ಚದೆ ತೊಳೆಯುವ ವಿಧಾನಕ್ಕೆ ಹೋಗಿ. ಅದನ್ನು ಮುಂದೆ ಹೇಳಿದ್ದೇನೆ.

ಬಿಚ್ಚಿದ ಭಾಗಗಳನ್ನು ಜೋಡಿಸಿದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಇಟ್ಟು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ವಾಷರ್, ಸಣ್ಣ ಜಾಲರಿ, ಕೆಲವು ಶವರುಗಳಲ್ಲಿ ನೀರಿನ ಹರಿವು ತಗ್ಗಿಸುವ ಪ್ಲಾಸ್ಟಿಕ್ ಬಿಲ್ಲೆ, ತಟ್ಟೆಯನ್ನು ಓರೆ ಮಾಡಲು ಇರುವ ಗುಂಡು ಜೋಡಣೆ ಇವಿಷ್ಟು ಇರುತ್ತವೆ. ತಟ್ಟೆಯ ನಡುವೆ ಸ್ಕ್ರೂ ಇದ್ದರೆ ಅದನ್ನೂ ಬಿಚ್ಚಿ.

ಜಾಲರಿಯಲ್ಲಿ ಸಿಕ್ಕ ಕಸವನ್ನು ಚೆಲ್ಲುವ ಮೊದಲು ಬಿಳಿ ಕಾಗದದ ಮೇಲೆ ಹಾಕಿ ನೋಡಿ, ಮನೆಯ ನೀರಿನ ಜಾತಕ ಅಲ್ಲಿದೆ. ಮರಳು ಕಂಡರೆ ಬೋರ್‌ವೆಲ್‌ನಿಂದ ಬಂದದ್ದು, ಸಂಪ್ ಮತ್ತು ಟ್ಯಾಂಕ್ ತೊಳೆಸಬೇಕಾಗಿದೆ. ಚಪ್ಪಟೆಯಾದ ಬಿಳಿ ಚೂರುಗಳು ಗೀಸರಿನೊಳಗಿಂದ ಕಳಚಿ ಬಂದ ಸುಣ್ಣ. ಕರಿಯ ಮೆತ್ತನೆಯ ಚೂರು ಎಲ್ಲೋ ಒಂದು ರಬ್ಬರ್ ವಾಷರ್ ಸವೆಯುತ್ತಿರುವ ಸೂಚನೆ. ಕಂದು ಕೆಸರು ಕಬ್ಬಿಣದ್ದು. ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳವರಿಗೆ ಸುಣ್ಣಕ್ಕಿಂತ ಈ ಕಾಟವೇ ಹೆಚ್ಚು. ಕಬ್ಬಿಣದ ಕಲೆಗೂ ನಿಂಬೆ ಉಪ್ಪು ಆಗುತ್ತದೆ, ವಿನೆಗರ್ ಅಷ್ಟಾಗಿ ಕೆಲಸ ಮಾಡದು. ಹೊಸ ಮನೆಯಾದರೆ ಪಿವಿಸಿ ಪೈಪ್ ಕೊಯ್ದಾಗಿನ ಹುಡಿಯೇ ಹಿಡಿ ತುಂಬ ಸಿಕ್ಕೀತು.

ನೆನೆಸುವುದು, ಉಜ್ಜುವುದು

ಮೊದಲು ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹೊರಮೈ ತೊಳೆಯಿರಿ. ಸೋಪಿನ ಜಿಡ್ಡು, ಎಣ್ಣೆ ಪಸೆ ಮೇಲಿದ್ದರೆ ಹುಳಿ ಸುಣ್ಣವನ್ನು ಮುಟ್ಟುವುದೇ ಇಲ್ಲ. ಅಭ್ಯಂಜನದ ಎಣ್ಣೆ ಶವರಿನ ತನಕ ಹೇಗೆ ಹೋಗುತ್ತದೆಂದು ಕೇಳಬೇಡಿ, ನಲ್ಲಿ ತಿರುಗಿಸುವ, ಶವರ್ ಓರೆ ಮಾಡುವ ಕೈಗಳಿಂದಲೇ ಹೋಗುತ್ತದೆ.

ರಬ್ಬರ್ ವಾಷರುಗಳನ್ನು ಬೇರೆಯಾಗಿಟ್ಟು, ಉಳಿದದ್ದನ್ನು ಪ್ಲಾಸ್ಟಿಕ್ ಬಕೆಟ್ ಅಥವಾ ಟಬ್ಬಿನಲ್ಲಿ ರಂಧ್ರಗಳು ಪೂರ್ತಿ ಮುಳುಗುವಂತೆ ಇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನೂ ತಿನ್ನುತ್ತದೆ. ಶವರ್ ಮುಳುಗಿಸುವಾಗ ಒಮ್ಮೆ ಅಲುಗಾಡಿಸಿ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಆ ಜಾಗಕ್ಕೆ ದ್ರವ ತಲುಪುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗುಳ್ಳೆಗಳು ಏಳತೊಡಗುತ್ತವೆ. ಗುಳ್ಳೆ ನಿಂತರೆ ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಬಿಳಿ ಪದರ ಇನ್ನೂ ಕಾಣುತ್ತಿದ್ದರೆ ಹೊಸ ದ್ರವ ಬೆರೆಸಿ.

ಎಷ್ಟು ಹೊತ್ತು ಎಂಬುದು ಶವರಿನ ಮೈಯನ್ನು ನೋಡಿ ತೀರ್ಮಾನವಾಗಬೇಕು. ಸಾದಾ ಕ್ರೋಮ್ ಲೇಪದ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಆದರೆ ಅರ್ಧ ಗಂಟೆಯಿಂದ ಒಂದು ಗಂಟೆ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಸ್ವಲ್ಪ ತಾಳುತ್ತದೆ. ಚಿನ್ನದ ಬಣ್ಣ, ಮ್ಯಾಟ್ ಕಪ್ಪು, ಹಳೆಯ ಕಂಚಿನಂತೆ ಕಾಣುವ ಲೇಪಗಳಿಗೆ ದ್ರವವನ್ನು ಅರ್ಧಕ್ಕೆ ತಿಳಿ ಮಾಡಿ, ಹತ್ತು ನಿಮಿಷ ನೆನೆಸಿ ತೆಗೆದು ನೋಡಿ, ಬೇಕಿದ್ದರೆ ಇನ್ನೊಮ್ಮೆ ಹಾಕಿ. ಮೊದಲು ಯಾರಿಗೂ ಕಾಣದ ಹಿಂಬದಿಯಲ್ಲಿ ಒಂದು ಹನಿ ಬಿಟ್ಟು ಪರೀಕ್ಷಿಸಿ. ತಯಾರಕರ ಕಾಗದದಲ್ಲಿ ಹುಳಿ ಕೂಡದು ಎಂದಿದ್ದರೆ ಅವರ ಮಾತೇ ಅಂತಿಮ, ಇಲ್ಲವಾದರೆ ವಾರಂಟಿಯೂ ಹೋಗುತ್ತದೆ. ಕ್ರೋಮ್ ಈಗಾಗಲೇ ಎದ್ದು ಸಿಪ್ಪೆಯಾಗಿರುವ ಶವರನ್ನು ಹೆಚ್ಚು ಹೊತ್ತು ನೆನೆಸಿದರೆ ಉಳಿದ ಸಿಪ್ಪೆಯೂ ಬರುತ್ತದೆ.

ಹೊರತೆಗೆದ ಮೇಲೆ ರಂಧ್ರಗಳ ಸರದಿ. ರಬ್ಬರಿನಂಥ ಮೆತ್ತನೆಯ ಸಿಲಿಕೋನ್ ಮೊಳಕೆಗಳಿದ್ದರೆ ಹೆಬ್ಬೆರಳಿನಿಂದ ಒಂದೊಂದನ್ನೂ ಹಿಸುಕಿ ಅತ್ತಿತ್ತ ಬಾಗಿಸಿ, ಒಳಗಿನ ಸುಣ್ಣ ಮುರಿದು ಉದುರುತ್ತದೆ. ಆ ಮೊಳಕೆಗಳನ್ನು ಮಾಡಿರುವುದೇ ಅದಕ್ಕಾಗಿ. ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ರಂಧ್ರಗಳಾದರೆ ಬ್ರಷ್‌ನಿಂದ ಉಜ್ಜಿ. ಒಂದೆರಡು ಹಟಮಾರಿ ರಂಧ್ರಗಳು ಉಳಿದರೆ ತೆಂಗಿನ ಕಡ್ಡಿ ಪೊರಕೆಯಿಂದ ಸಣ್ಣ ಕಡ್ಡಿ ಮುರಿದು, ತುದಿಯನ್ನು ನೀರಿನಲ್ಲಿ ನೆನೆಸಿ ಚುಚ್ಚಿ. ಕಡ್ಡಿ ಮೆದು, ರಂಧ್ರಕ್ಕೆ ಏಟಾಗುವುದಿಲ್ಲ. ಸೂಜಿಯಾದರೆ ಅಂಚು ಗೀರುತ್ತದೆ, ರಂಧ್ರ ಅರಳುತ್ತದೆ. ಗೀರಿದ ಅಂಚಿನಿಂದ ನೀರು ನೇರ ಬೀಳುವ ಬದಲು ಓರೆಯಾಗಿ ಹಾರುತ್ತದೆ, ಆ ಒರಟು ಗೀರಿನಲ್ಲೇ ಮುಂದಿನ ಸುಣ್ಣ ಇನ್ನೂ ಬೇಗ ಕೂರುತ್ತದೆ. ಪಿನ್ ಹಾಕಿದ ಶವರ್ ಮತ್ತೆ ಮತ್ತೆ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ. ಸಾಧ್ಯವಿದ್ದರೆ ಒಳಗಿನಿಂದ ಹೊರಗೆ ಚುಚ್ಚಿ.

ಆಮೇಲೆ ಶವರನ್ನು ತಲೆಕೆಳಗು ಮಾಡಿ, ನಲ್ಲಿಯ ಕೆಳಗೆ ಹಿಡಿದು ರಂಧ್ರಗಳ ಕಡೆಯಿಂದ ನೀರು ಬಿಡಿ. ಸಡಿಲವಾದ ಚೂರುಗಳು ಬಂದ ದಾರಿಯಲ್ಲೇ ಹೊರಗೆ ಹೋಗುತ್ತವೆ. ನೇರ ಜೋಡಿಸಿಬಿಟ್ಟರೆ ಅವೇ ಚೂರುಗಳು ಹೋಗಿ ಮತ್ತೆ ರಂಧ್ರಕ್ಕೆ ಅಡ್ಡ ಕೂರುತ್ತವೆ.

ಮತ್ತೆ ಕೂರಿಸುವುದು

ಜೋಡಿಸುವ ಮೊದಲು ಬರಿ ಪೈಪಿನಿಂದ ಅರ್ಧ ನಿಮಿಷ ನೀರು ಬಿಡಿ. ಬಿಚ್ಚುವಾಗ ಕದಲಿದ ತುಕ್ಕು, ಮರಳು ಹೊರಬರುತ್ತದೆ.

ಪೈಪಿನ ಎಳೆಗಳ ಮೇಲಿನ ಹಳೆಯ ಟೆಫ್ಲಾನ್ ಟೇಪನ್ನು ಪೂರ್ತಿ ಕಿತ್ತು ಬ್ರಷ್‌ನಿಂದ ಉಜ್ಜಿ. ಹೊಸ ಟೇಪನ್ನು, ಪೈಪಿನ ತುದಿ ನಿಮ್ಮ ಕಡೆಗಿರುವಂತೆ ನಿಂತು ನೋಡುವಾಗ ಗಡಿಯಾರದ ದಿಕ್ಕಿಗೆ, ಬಿಗಿಯಾಗಿ ಸುತ್ತಿ. ನಮ್ಮಲ್ಲಿ ಸಿಗುವ ತೆಳು ಟೇಪಿಗೆ ಎಂಟು ಹತ್ತು ಸುತ್ತು ಬೇಕಾಗುತ್ತದೆ. ತಪ್ಪು ದಿಕ್ಕಿಗೆ ಸುತ್ತಿದರೆ ಶವರ್ ತಿರುಗಿಸುತ್ತಿದ್ದಂತೆ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ತುದಿಯ ಬಾಯಿಗೆ ಟೇಪ್ ಅಡ್ಡ ಬರದಿರಲಿ. ಅದರ ಚೂರೇ ಒಳಗೆ ಹೋಗಿ ರಂಧ್ರ ಮುಚ್ಚಿದ ಉದಾಹರಣೆಗಳಿವೆ. ವಾಷರ್ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಕೈಯಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟು ತಿರುಗಿಸಿ, ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಪ್ಲಾಸ್ಟಿಕ್ ಕತ್ತಿನ ಶವರಿಗೆ ಆ ಕಾಲು ಸುತ್ತೂ ಬೇಡ.

ಹ್ಯಾಂಡ್ ಶವರಿನ ಪೈಪಿಗೆ ಟೇಪ್ ಅನಗತ್ಯ. ಎರಡೂ ತುದಿಯ ರಬ್ಬರ್ ವಾಷರ್ ತಾನೇ ನೀರು ತಡೆಯುತ್ತದೆ, ಅಲ್ಲಿ ಟೇಪ್ ಸುತ್ತಿದರೆ ವಾಷರ್ ಸರಿಯಾಗಿ ಕೂರದೆ ಸೋರುತ್ತದೆ. ಹೆಲ್ತ್ ಫಾಸೆಟ್‌ಗೂ ಇದೇ ನಿಯಮ, ತೊಳೆಯುವ ಬಗೆಯೂ ಇದೇ. ನೆನೆಸುವ ಡಬ್ಬ ಮಾತ್ರ ಬೇರೆ ಇರಲಿ.

ಬಿಚ್ಚಲಾಗದ ಶವರ್

ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹುಳಿ ತುಂಬಿ, ಶವರಿನ ಮುಖ ಅದರಲ್ಲಿ ಮುಳುಗುವಂತೆ ಕೆಳಗಿನಿಂದ ಏರಿಸಿ, ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿ. ಸಣ್ಣ ಶವರಿಗೆ ತೊಳೆದಿಟ್ಟ ಹಾಲಿನ ಪ್ಯಾಕೆಟ್ಟಿನಷ್ಟು ಸೊಗಸಾದ ಕವರ್ ಇನ್ನೊಂದಿಲ್ಲ. ದಪ್ಪಗಿದೆ, ಸೋರುವುದಿಲ್ಲ. ಪ್ಯಾಕೆಟ್ ಪೂರ್ತಿ ತುಂಬಬೇಡಿ, ಶವರ್ ಇಳಿದಾಗ ದ್ರವ ಮೇಲೇರಿ ನಿಮ್ಮ ತೋಳಿನ ಮೇಲೆ ಸುರಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ತಲೆಯೆತ್ತಿ ಮಾಡುವ ಕೆಲಸವಿದು.

ಚಾವಣಿಗೆ ಅಂಟಿದ ದೊಡ್ಡ ತಟ್ಟೆಗಳಿಗೆ ಕವರ್ ನಿಲ್ಲುವುದಿಲ್ಲ. ಹತ್ತಿ ಬಟ್ಟೆಯನ್ನು ಹುಳಿಯಲ್ಲಿ ಅದ್ದಿ, ಹಿಂಡಿ ತಟ್ಟೆಗೆ ಒತ್ತಿ, ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಅರ್ಧ ಗಂಟೆ ನಿಲ್ಲುತ್ತದೆ. ಬಿಚ್ಚಿದ ಮೇಲೆ ಎರಡು ನಿಮಿಷ ಬಿಸಿನೀರು ಬಿಡಿ. ಒಳಗಿನ ಜಾಲರಿ ತೊಳೆದಂತಾಗುವುದಿಲ್ಲ ಎಂಬುದು ಈ ವಿಧಾನದ ಕೊರತೆ.

ತೊಳೆದ ಮೇಲೂ ತೊಟ್ಟಿಕ್ಕಿದರೆ

ನಲ್ಲಿ ಮುಚ್ಚಿದ ಮೇಲೆ ಒಂದೆರಡು ನಿಮಿಷ ಹನಿ ಬೀಳುವುದು ಸಹಜ, ತಟ್ಟೆಯೊಳಗೆ ನಿಂತ ನೀರು ಅದು. ಬೆಳಗಿನವರೆಗೂ ಬೀಳುತ್ತಿದ್ದರೆ ತಪ್ಪು ಶವರಿನದಲ್ಲ, ಕೆಳಗಿನ ನಲ್ಲಿಯ ಸ್ಪಿಂಡಲ್, ಅಂದರೆ ಒಳಗೆ ನೀರನ್ನು ತೆರೆದು ಮುಚ್ಚುವ ಭಾಗ, ಸವೆದಿದೆ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಶವರ್ ಬದಲಿಸಿದರೆ ಈ ಹನಿ ನಿಲ್ಲದು, ಸ್ಪಿಂಡಲ್ ಬದಲಿಸಿದರೆ ನಿಲ್ಲುತ್ತದೆ.

ಊರಿಗೆ ಹೋಗಿ ಬಂದಾಗ

ಬಚ್ಚಲಿನಲ್ಲಿ ನಸುಗೆಂಪು ಲೋಳೆ ಕಂಡರೆ ಅದು ಸುಣ್ಣವಲ್ಲ, ಬ್ಯಾಕ್ಟೀರಿಯಾದ ಪದರ. ಸೋಪು ನೀರು ಮತ್ತು ಬ್ರಷ್‌ಗೆ ಹೋಗುತ್ತದೆ. ಸುಣ್ಣದ ಒರಟು ಮೈ ಇಂಥ ಲೋಳೆಗೆ ಹಿಡಿತ ಕೊಡುತ್ತದೆ, ಆದ್ದರಿಂದ ಸುಣ್ಣ ತೆಗೆದರೆ ಇದೂ ಕಡಿಮೆಯಾಗುತ್ತದೆ.

ದೀರ್ಘ ರಜೆಯಲ್ಲಿ ಬಾಗಿಲು ಹಾಕಿ ಹೋದ ಮನೆಯಲ್ಲಿ ಪೈಪಿನ ನೀರು ನಿಂತೇ ಇರುತ್ತದೆ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಬಂದವರಲ್ಲಿ ಹರಡಿದ ನ್ಯುಮೋನಿಯಾದಿಂದ ಅದಕ್ಕೆ ಆ ಹೆಸರು ಬಂತು. ಅದು ದೇಹದೊಳಗೆ ಹೋಗುವುದು ಕುಡಿದು ಅಲ್ಲ, ಸೂಕ್ಷ್ಮ ತುಂತುರನ್ನು ಉಸಿರಾಡಿ. ಆರೋಗ್ಯವಂತರು ಹೆದರಬೇಕಿಲ್ಲ. ಮನೆಯಲ್ಲಿ ವಯಸ್ಸಾದವರು, ಶ್ವಾಸಕೋಶದ ತೊಂದರೆಯವರು ಇದ್ದರೆ ಮಾತ್ರ ಊರಿಂದ ಬಂದ ದಿನ ಕಿಟಕಿ ತೆರೆದು, ಗೀಸರ್ ಚೆನ್ನಾಗಿ ಕಾದ ಮೇಲೆ ಶವರಿನಿಂದ ಐದು ನಿಮಿಷ ಬಿಸಿನೀರು ಬಿಟ್ಟು ಹೊರಗೆ ನಿಲ್ಲಿ. ಕೆಳಗೆ ಬಕೆಟ್ ಇಡಿ, ಆ ನೀರು ನೆಲ ಒರೆಸಲು ಆಗುತ್ತದೆ.

ಎಷ್ಟು ದಿನಕ್ಕೊಮ್ಮೆ, ತಡೆಯುವುದು ಹೇಗೆ

ಬೋರ್‌ವೆಲ್ ನೀರಿಗೆ ಎರಡು ಮೂರು ತಿಂಗಳಿಗೊಮ್ಮೆ ನೆನೆಸುವುದು, ವಾರಕ್ಕೊಮ್ಮೆ ಸಿಲಿಕೋನ್ ಮೊಳಕೆಗಳ ಮೇಲೆ ಹೆಬ್ಬೆರಳು ಆಡಿಸುವುದು. ಕಾವೇರಿ ನೀರಿಗೆ ವರ್ಷಕ್ಕೆರಡು ಬಾರಿ ಸಾಕು. ಹಿಂದೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರಲ್ಲ, ಹಂಡೆಯ ವಾರ್ಷಿಕ ಸರ್ವಿಸ್ ಅದೇ ಆಗಿತ್ತು. ಆ ದಿನವನ್ನು ಶವರಿಗೂ ಗೀಸರಿಗೂ ಮೀಸಲಿಟ್ಟರೆ ನೆನಪಿಡುವ ಕಷ್ಟವಿಲ್ಲ.

ಗೀಸರಿನ ತಾಪಮಾನವನ್ನು ಕೊನೆಯವರೆಗೆ ತಿರುಗಿಸಿಟ್ಟು, ಆಮೇಲೆ ಅದಕ್ಕೆ ತಣ್ಣೀರು ಬೆರೆಸುವುದು ನಮ್ಮಲ್ಲಿ ರೂಢಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಬೀಳುತ್ತದೆ. 50ರಿಂದ 60 ಡಿಗ್ರಿಯ ನಡುವೆ ಇಟ್ಟರೆ ಸ್ನಾನಕ್ಕೆ ಕೊರತೆಯಾಗುವುದಿಲ್ಲ. ಶವರ್ ತೊಳೆದ ವಾರದೊಳಗೆ ಮತ್ತೆ ಬಿಳಿ ಚೂರುಗಳು ಬಂದರೆ ಗೀಸರ್ ಒಳಗಿನ ಸುಣ್ಣ ತೆಗೆಸಿ. ಅದು ತರಬೇತಾದವರ ಕೆಲಸ, ನೀವೇ ಬಿಚ್ಚಬೇಡಿ.

ಶವರಿಗೆ ಸಿಕ್ಕಿಸುವ ಪುಟ್ಟ ಫಿಲ್ಟರುಗಳ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ. ಮರಳು, ಕೆಸರು ತಡೆಯುತ್ತವೆ, ಕೆಲವು ಕ್ಲೋರಿನ್ ತಗ್ಗಿಸುತ್ತವೆ. ಆದರೆ ತಿಂಗಳಿಗೆ ಎರಡು ಕಿಲೋ ಸುಣ್ಣ ಹೊತ್ತು ತರುವ ನೀರನ್ನು ಅಂಗೈಯಗಲದ ಡಬ್ಬಿಯೊಂದು ಮೆದುಗೊಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಮೇಲಿನ ಲೆಕ್ಕ ತೋರಿಸಿ. ನಿಜವಾಗಿ ಗಡಸುತನ ತೆಗೆಯುವುದು ಟ್ಯಾಂಕಿನ ಹತ್ತಿರ ಕೂರುವ, ಅಡುಗೆ ಉಪ್ಪು ಹಾಕಿ ಆಗಾಗ ಚೇತರಿಸಬೇಕಾದ ಸಾಫ್ಟನರ್. ಅಪಾರ್ಟ್‌ಮೆಂಟಿನಲ್ಲಿ ಅದು ಇದ್ದೂ ಶವರ್ ಕಟ್ಟುತ್ತಿದ್ದರೆ ಉಪ್ಪು ಹಾಕುವುದನ್ನು ಯಾರೋ ಮರೆತಿದ್ದಾರೆಂದೇ ಲೆಕ್ಕ.

ಎರಡು ಬಾರಿ ನೆನೆಸಿದ ಮೇಲೂ ಅರ್ಧದಷ್ಟು ರಂಧ್ರ ತೆರೆಯದಿದ್ದರೆ, ಕತ್ತಿನ ಬಳಿ ಬಿರುಕು ಕಂಡರೆ, ಲೇಪ ಸಿಪ್ಪೆಯಾಗಿ ಕಾಲಿಗೆ ಚುಚ್ಚುತ್ತಿದ್ದರೆ ಹೊಸದು ತನ್ನಿ. ನಮ್ಮ ಶವರುಗಳ ಎಳೆ ಸಾಮಾನ್ಯವಾಗಿ ಅರ್ಧ ಇಂಚಿನದು. ಸಿಲಿಕೋನ್ ಮೊಳಕೆಯದನ್ನೇ ಕೇಳಿ. ತಟ್ಟೆ ಸ್ಕ್ರೂ ಬಿಚ್ಚಿ ತೆರೆಯುವಂಥದಾದರೆ ಇನ್ನೂ ಒಳ್ಳೆಯದು. ಅಂಗಡಿಗೆ ಹೋಗುವಾಗ ಹಳೆಯ ವಾಷರನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅದೇ ಅಳತೆಯ ಎರಡು ಹೆಚ್ಚಿಗೆ ತನ್ನಿ.